ಪುಕ್ಕಟೆ ಸೇವೆಗೂ ಖರ್ಚಿದೆ: ಯುವಕರು ಕಟ್ಟುವ ಎನ್‌ಜಿಒಗಳಿಗೆ ಕಷ್ಟ ಎಲ್ಲಿ?

ಪತ್ರಿಕೆ ತೆರೆದರೆ ಎರಡು ಬಗೆಯ ಸುದ್ದಿ ಕಾಣುತ್ತದೆ. ಒಂದು ಪುಟದಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು ಕಟ್ಟಿದ ಸೇವಾ ಸಂಸ್ಥೆ, ಅವರ ಹಿಂದೆ ಬಂದ ನೂರಾರು ಸ್ವಯಂಸೇವಕರು, ಪ್ರಶಸ್ತಿ, ಫೋಟೊ. ಇನ್ನೊಂದು ಪುಟದಲ್ಲಿ ಎನ್‌ಜಿಒಗಳ ನೋಂದಣಿ ರದ್ದು, ಖಾತೆ ಸ್ಥಗಿತ, ಹೊಸ ನಿಯಮ. ವಿಶ್ವಸಂಸ್ಥೆ 2026ನ್ನು ಸುಸ್ಥಿರ ಅಭಿವೃದ್ಧಿಗಾಗಿ ಸ್ವಯಂಸೇವಕರ ಅಂತರರಾಷ್ಟ್ರೀಯ ವರ್ಷ ಎಂದು ಘೋಷಿಸಿದೆ. ಕೇಂದ್ರ ಸರ್ಕಾರ 2023ರ ಅಕ್ಟೋಬರ್ 31ರಂದು ಶುರು ಮಾಡಿದ ‘ಮೈ ಭಾರತ್’ ವೇದಿಕೆಯಲ್ಲಿ ಕೋಟಿಗೂ ಹೆಚ್ಚು ಯುವಕರು ಹೆಸರು ಬರೆಸಿದ್ದಾರೆ. ಹಾಗಾದರೆ ವ್ಯವಸ್ಥೆಗೆ ಸೇವೆ ಮಾಡುವ ಯುವಕರು ಬೇಕೋ ಬೇಡವೋ? ಓದುಗರಿಗೆ ಈ ಗೊಂದಲ ಬರುವುದು ಸಹಜ.

ಬೇಕು. ಆದರೆ ಅವರಿಂದ ಕೆಲಸ ಮಾಡಿಸಲು ಆಗುವ ಖರ್ಚನ್ನು ಕೊಡಲು ಯಾರೂ ತಯಾರಿಲ್ಲ. ಸರ್ಕಾರವೂ ಇಲ್ಲ, ಕಂಪನಿಗಳೂ ಇಲ್ಲ, ನೂರಿನ್ನೂರು ರೂಪಾಯಿ ಕೊಡುವ ನಾವೂ ಇಲ್ಲ. ಯುವಕರ ಸಂಸ್ಥೆಗಳ ಬಹುಪಾಲು ಕಷ್ಟ ಇಲ್ಲಿಂದಲೇ ಶುರುವಾಗುತ್ತದೆ.

‘ರದ್ದು’ ಅಂದರೆ ಮುಚ್ಚಿತು ಅಂತಲ್ಲ

ಮೊದಲು ಒಂದು ತಪ್ಪು ತಿಳಿವಳಿಕೆ ಸರಿಪಡಿಸೋಣ. ಸುದ್ದಿಯಲ್ಲಿ ಬರುವ ‘ನೋಂದಣಿ ರದ್ದು’ ಹೆಚ್ಚಾಗಿ ಎಫ್‌ಸಿಆರ್‌ಎಗೆ ಸಂಬಂಧಿಸಿದ್ದು. ಇದು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ. ವಿದೇಶಿ ದೇಣಿಗೆ ಪಡೆಯಲು ಇದರಡಿ ಕೇಂದ್ರ ಗೃಹ ಸಚಿವಾಲಯದ ಅನುಮತಿ ಬೇಕು. ಇದುವರೆಗೆ 20 ಸಾವಿರಕ್ಕೂ ಹೆಚ್ಚು ಸಂಸ್ಥೆಗಳ ಈ ಅನುಮತಿ ರದ್ದಾಗಿದೆ. ಅಷ್ಟೂ ಸಂಸ್ಥೆಗಳು ಬಾಗಿಲು ಹಾಕಿದವು ಎಂದು ಅರ್ಥವಲ್ಲ. ಅವು ಹೊರದೇಶದ ಹಣ ಪಡೆಯುವಂತಿಲ್ಲ, ಅಷ್ಟೇ. ಕಾರಣಗಳೂ ಒಂದೇ ತೆರನಾಗಿಲ್ಲ. 2015ರಲ್ಲಿ ಸಾವಿರಾರು ಸಂಸ್ಥೆಗಳು ಈ ಅನುಮತಿ ಕಳೆದುಕೊಂಡದ್ದು ವಾರ್ಷಿಕ ಲೆಕ್ಕಪತ್ರ ಸಲ್ಲಿಸದ ಕಾರಣಕ್ಕೆ.

2020ರ ಸೆಪ್ಟೆಂಬರ್‌ನಲ್ಲಿ ಈ ಕಾಯ್ದೆಗೆ ದೊಡ್ಡ ತಿದ್ದುಪಡಿ ಆಯಿತು. ವಿದೇಶಿ ಹಣವನ್ನು ದೆಹಲಿಯ ಒಂದೇ ಎಸ್‌ಬಿಐ ಶಾಖೆಯ ಖಾತೆಗೆ ತರಿಸಬೇಕು ಎಂದಾಯಿತು. ಆಡಳಿತ ವೆಚ್ಚದ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿಯಿತು. ಒಂದು ಸಂಸ್ಥೆ ತನಗೆ ಬಂದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ಹಂಚುವಂತಿಲ್ಲ ಎಂಬ ನಿಯಮವೂ ಬಂತು.

ಹೊಸ ಸಂಸ್ಥೆಗಳಿಗೆ ಜಾಸ್ತಿ ಪೆಟ್ಟು ಕೊಟ್ಟದ್ದು ಈ ಕೊನೆಯ ನಿಯಮ. ಮೊದಲು ದೊಡ್ಡ ಸಂಸ್ಥೆಗಳು ವಿದೇಶದಿಂದ ಹಣ ತಂದು, ಎಫ್‌ಸಿಆರ್‌ಎ ನೋಂದಣಿ ಇರುವ ಸಣ್ಣ ಸಂಸ್ಥೆಗಳಿಗೆ ಹಂಚುತ್ತಿದ್ದವು. ಹಳ್ಳಿಯ ಒಂದು ಪುಟ್ಟ ತಂಡಕ್ಕೆ ವಿದೇಶಿ ದಾನಿಯ ಪರಿಚಯ ಇರಬೇಕಾಗಿರಲಿಲ್ಲ, ಬೆಂಗಳೂರಿನ ದೊಡ್ಡ ಸಂಸ್ಥೆಯ ಪರಿಚಯ ಇದ್ದರೆ ಸಾಕಿತ್ತು. ಆ ದಾರಿ ಮುಚ್ಚಿತು. ನೇರವಾಗಿ ನೋಂದಣಿ ಬೇಕೆಂದರೆ ಸಂಸ್ಥೆಗೆ ಕನಿಷ್ಠ ಮೂರು ವರ್ಷ ಆಗಿರಬೇಕು, ಆ ಮೂರು ವರ್ಷದಲ್ಲಿ 15 ಲಕ್ಷ ರೂಪಾಯಿ ಸೇವಾ ಕಾರ್ಯಕ್ಕೆ ಖರ್ಚಾಗಿರಬೇಕು.

ಹುಟ್ಟು ಸುಲಭ, ಮೂರು ವರ್ಷ ದಾಟುವುದೇ ಕಷ್ಟ

ಸಂಸ್ಥೆ ಹುಟ್ಟಿಸುವುದು ಅಂಥ ಕಷ್ಟದ ಕೆಲಸವೇನಲ್ಲ. ಕರ್ನಾಟಕದಲ್ಲಿ ಸೊಸೈಟಿ ಮಾಡಲು ಏಳು ಜನ ಸಾಕು, 1960ರ ರಾಜ್ಯ ಕಾಯ್ದೆ ಇದೆ. ಟ್ರಸ್ಟ್ ಆದರೆ ಪತ್ರ ಬರೆಸಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬಹುದು. ಲಾಭದ ಉದ್ದೇಶವಿಲ್ಲದ ‘ಸೆಕ್ಷನ್ 8’ ಕಂಪನಿಗೆ ಇಬ್ಬರಿದ್ದರೂ ಆಗುತ್ತದೆ. ಕಾನೂನಿನ ಸಹಿಗೆ ಮಾತ್ರ 18 ತುಂಬಿರಬೇಕು. ಹೈಸ್ಕೂಲು ಮಕ್ಕಳು ಕಟ್ಟಿದ ಸಂಸ್ಥೆ ಎಂದು ಸುದ್ದಿಯಾಗುವ ಕಡೆಗಳಲ್ಲಿ ಕಾಗದದ ಮೇಲೆ ಸಾಮಾನ್ಯವಾಗಿ ದೊಡ್ಡವರ ಹೆಸರೇ ಇರುತ್ತದೆ.

ನೋಂದಣಿ ಆದ ಮೇಲೆ ದುಡ್ಡಿನ ಪ್ರಶ್ನೆ. ದೇಶದೊಳಗೆ ಹಣ ಬರುವ ದೊಡ್ಡ ಬಾಗಿಲು ಕಂಪನಿಗಳ ಸಿಎಸ್‌ಆರ್, ಅಂದರೆ ಸಾಮಾಜಿಕ ಹೊಣೆಗಾರಿಕೆಯ ಹಣ. 2013ರ ಕಂಪನಿ ಕಾಯ್ದೆಯ ಪ್ರಕಾರ, 500 ಕೋಟಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಈಚಿನ ವರ್ಷಗಳಲ್ಲಿ ಇದು 30 ಸಾವಿರ ಕೋಟಿ ರೂಪಾಯಿ ಆಸುಪಾಸಿಗೆ ಬಂದಿದೆ. ಕೇಳಲು ಭರ್ಜರಿ ಮೊತ್ತ. ಆದರೆ ಈ ಹಣ ಪಡೆಯಬೇಕಾದರೆ ಸಂಸ್ಥೆಗೆ ಆದಾಯ ತೆರಿಗೆಯ 12ಎ (ಸಂಸ್ಥೆಯ ಆದಾಯಕ್ಕೆ ವಿನಾಯಿತಿ) ಮತ್ತು 80ಜಿ (ದಾನಿಗಳಿಗೆ ವಿನಾಯಿತಿ) ನೋಂದಣಿ ಇರಬೇಕು, ಸಿಎಸ್‌ಆರ್-1 ಅರ್ಜಿ ತುಂಬಿ ನೋಂದಾಯಿಸಿಕೊಂಡಿರಬೇಕು, ಮತ್ತು ಸಾಮಾನ್ಯವಾಗಿ ಅದೇ ಬಗೆಯ ಕೆಲಸದಲ್ಲಿ ಮೂರು ವರ್ಷದ ಅನುಭವ ತೋರಿಸಬೇಕು.

ನೋಡಿ, ಇಲ್ಲೂ ಮೂರು ವರ್ಷ. ವಿದೇಶಿ ಹಣಕ್ಕೂ ಮೂರು ವರ್ಷ, ಕಂಪನಿ ಹಣಕ್ಕೂ ಮೂರು ವರ್ಷ. ನಿಯಮ ಮಾಡಿದವರ ತರ್ಕ ಅರ್ಥವಾಗುತ್ತದೆ. ನಿನ್ನೆ ಹುಟ್ಟಿದ ಟ್ರಸ್ಟ್‌ಗೆ ಕೋಟಿ ಕೊಟ್ಟರೆ ಅದು ಎಲ್ಲಿ ಹೋಯಿತೆಂದು ಯಾರನ್ನು ಕೇಳುವುದು? ಆದರೆ ಆ ಮೂರು ವರ್ಷ ಸಂಸ್ಥೆ ಬದುಕುವುದು ಹೇಗೆ ಎಂಬುದಕ್ಕೆ ನಿಯಮದಲ್ಲಿ ಉತ್ತರ ಇಲ್ಲ.

ಉಳಿಯುವುದು ಸಾಮಾನ್ಯ ಜನರ ದೇಣಿಗೆ. ಅಲ್ಲೂ ಸದ್ದಿಲ್ಲದೆ ಒಂದು ಬದಲಾವಣೆ ಆಗಿದೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಶೇ 30ರ ಹಂತದಲ್ಲಿರುವವರು 80ಜಿ ಇರುವ ಸಂಸ್ಥೆಗೆ 10 ಸಾವಿರ ಕೊಟ್ಟರೆ, ಸಾಮಾನ್ಯವಾಗಿ ಅರ್ಧದಷ್ಟಕ್ಕೆ ವಿನಾಯಿತಿ ಸಿಕ್ಕಿ ಸುಮಾರು 1,500 ರೂಪಾಯಿ ತೆರಿಗೆ ಉಳಿಯುತ್ತದೆ. ಹೊಸ ಪದ್ಧತಿಯಲ್ಲಿ ಇಂಥ ದೇಣಿಗೆಗೆ ಈ ವಿನಾಯಿತಿ ಇಲ್ಲ. 2023-24ರಿಂದ ಹೊಸ ಪದ್ಧತಿಯೇ ಸಹಜ ಆಯ್ಕೆಯಾಗಿದೆ. 2025-26ರಿಂದ ಅದರಲ್ಲಿ 12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ ತೆರಿಗೆಯೇ ಬೀಳುವುದಿಲ್ಲ. ಸಂಬಳದವರಿಗೆ ಇದು ಒಳ್ಳೆಯದೇ. ಆದರೆ ‘ಮಾರ್ಚ್ ಬಂತು, ಯಾವುದಾದರೂ ಸಂಸ್ಥೆಗೆ ಕೊಟ್ಟು ರಸೀದಿ ತಗೊಳ್ಳೋಣ’ ಎನ್ನುತ್ತಿದ್ದವರಿಗೆ ಈಗ ಆ ನೆಪ ಇಲ್ಲ. ಜನ ಕೊಡುವುದನ್ನು ನಿಲ್ಲಿಸುತ್ತಾರೆ ಅಂತಲ್ಲ. ರಸೀದಿಗಾಗಿ ಕೊಡುತ್ತಿದ್ದವರು ಕಡಿಮೆಯಾಗುತ್ತಾರೆ, ಕೆಲಸ ನೋಡಿ ಕೊಡುವವರನ್ನು ಹುಡುಕಬೇಕಾಗುತ್ತದೆ.

ಕಾಗದದ ಕೆಲಸದಲ್ಲೂ ಹಳ್ಳಗಳಿವೆ. ಕೆಲಸ ಶುರುವಾಗುವ ಮುಂಚೆಯೇ ಆದಾಯ ತೆರಿಗೆ ಇಲಾಖೆಗೆ ಅರ್ಜಿ ಹಾಕಿದರೆ ಮೂರು ವರ್ಷಕ್ಕೆ 12ಎ, 80ಜಿಯ ತಾತ್ಕಾಲಿಕ ನೋಂದಣಿ ಸಿಗುತ್ತದೆ. ಅದರ ಅವಧಿ ಮುಗಿಯಲು ಆರು ತಿಂಗಳಿರುವಾಗ, ಅಥವಾ ಕೆಲಸ ಶುರುವಾದ ಆರು ತಿಂಗಳೊಳಗೆ, ಯಾವುದು ಮೊದಲೋ ಆಗ ಪೂರ್ಣ ನೋಂದಣಿಗೆ ಅರ್ಜಿ ಹಾಕಬೇಕು. ‘ಮೂರು ವರ್ಷ ಇದೆಯಲ್ಲ’ ಎಂದು ಕೂತ ತಂಡ ಇಲ್ಲಿ ಎಡವುತ್ತದೆ. ಸಮಾಧಾನದ ಸಂಗತಿಯೂ ಇದೆ. ವಾರ್ಷಿಕ ಆದಾಯ 5 ಕೋಟಿ ಮೀರದ ಸಣ್ಣ ಸಂಸ್ಥೆಗಳಿಗೆ ಪೂರ್ಣ ನೋಂದಣಿಯ ಅವಧಿಯನ್ನು 2025ರಲ್ಲಿ ಐದರಿಂದ ಹತ್ತು ವರ್ಷಕ್ಕೆ ಏರಿಸಲಾಯಿತು. ಹೊಸ ಆದಾಯ ತೆರಿಗೆ ಕಾಯ್ದೆಯಿಂದಾಗಿ ಕಲಂಗಳ ಸಂಖ್ಯೆ ಬದಲಾದರೂ ಜನರ ಬಾಯಲ್ಲಿ 12ಎ, 80ಜಿ ಎಂಬ ಹಳೆಯ ಹೆಸರೇ ಉಳಿದಿದೆ.

ಕೆರೆ ದಂಡೆಯ ಒಂದು ಭಾನುವಾರ

ಈಗ ಹಣ ಬಿಟ್ಟು ಜನರ ಕಡೆ ಬರೋಣ. ಕೆರೆ ಸ್ವಚ್ಛತೆಯ ಒಂದು ಭಾನುವಾರ ಕಣ್ಣ ಮುಂದೆ ತಂದುಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಕರೆ ಹೋಗಿದೆ, ಬೆಳಿಗ್ಗೆ ಏಳಕ್ಕೆ ಅರವತ್ತು ಜನ ಬಂದಿದ್ದಾರೆ. ಗ್ಲೌಸ್ ಇರುವುದು ಇಪ್ಪತ್ತು ಜೊತೆ. ಗುದ್ದಲಿ ಐದು. ಮೊದಲ ಅರ್ಧ ಗಂಟೆ ಯಾರು ಎಲ್ಲಿ ನಿಲ್ಲಬೇಕು ಎಂಬುದರಲ್ಲೇ ಕಳೆಯುತ್ತದೆ. ಎಂಟೂವರೆಗೆ ನಲವತ್ತು ಮೂಟೆ ಕಸ ದಂಡೆ ಮೇಲೆ ಬಂದಿದೆ, ಒಯ್ಯಲು ಗಾಡಿ ಇಲ್ಲ. ಪಾಲಿಕೆಗೆ ಮೊದಲೇ ಹೇಳಿಡಬೇಕಿತ್ತು, ಹೇಳುವ ಕೆಲಸ ಯಾರದೆಂದು ತೀರ್ಮಾನವೇ ಆಗಿರಲಿಲ್ಲ. ಫೋಟೊ ತೆಗೆದು ಎಲ್ಲರೂ ಹೊರಡುತ್ತಾರೆ. ಬುಧವಾರದ ಹೊತ್ತಿಗೆ ನಾಯಿಗಳು ಮೂಟೆ ಹರಿದು, ಕಸ ಮತ್ತೆ ನೀರಿನ ಅಂಚಿಗೆ ಬಂದಿರುತ್ತದೆ. ಮುಂದಿನ ಭಾನುವಾರ ಹದಿನೈದು ಜನ ಬರುತ್ತಾರೆ.

ಆ ನಲವತ್ತೈದು ಜನ ಸೋಮಾರಿಗಳಾಗಿ ಮನೆಯಲ್ಲಿ ಉಳಿದರು ಎನ್ನುವುದು ಅನ್ಯಾಯ. ತಮ್ಮ ಬೆಳಗು ದಂಡವಾಯಿತು ಎಂದು ಅವರಿಗೆ ಗೊತ್ತಾಯಿತು, ಅಲ್ವಾ?

ಸ್ವಯಂಸೇವಕರು ಪುಕ್ಕಟೆ ಬರುತ್ತಾರೆ ನಿಜ. ಆದರೆ ಅವರನ್ನು ಕರೆಯುವುದು, ಕಲಿಸುವುದು, ಸಾಮಾನು ಹೊಂದಿಸುವುದು, ಅನುಮತಿ ತರುವುದು, ಗಾಯವಾದರೆ ನೋಡಿಕೊಳ್ಳುವುದು, ವಾರದ ಮಧ್ಯೆ ಫೋನ್ ಮಾಡುವುದು, ಇದೆಲ್ಲ ಪುಕ್ಕಟೆ ಆಗುವುದಿಲ್ಲ. ಅದು ಒಬ್ಬರ ಪೂರ್ತಿ ದಿನದ ಕೆಲಸ. ಆ ಒಬ್ಬರಿಗೆ ಸಂಬಳ ಬೇಕು. ಮೊದಲ ವರ್ಷ ಸ್ಥಾಪಕರೇ ಆ ಕೆಲಸ ಮಾಡುತ್ತಾರೆ, ಅಪ್ಪ ಅಮ್ಮನ ಮನೆಯಲ್ಲಿ ಇದ್ದುಕೊಂಡು. ಎರಡನೇ ವರ್ಷ ಓದು ಮುಗಿಯುತ್ತದೆ. ಮೂರನೇ ವರ್ಷ ಮನೆಯಲ್ಲಿ ಕೇಳುತ್ತಾರೆ, ‘ಕೆಲಸಕ್ಕೆ ಯಾವಾಗ ಸೇರ್ತೀಯ?’ ಹಣದ ಬಾಗಿಲು ತೆರೆಯುವುದೂ ಅದೇ ಹೊತ್ತಿಗೆ, ಸ್ಥಾಪಕರು ಹೊರಡುವುದೂ ಅದೇ ಹೊತ್ತಿಗೆ. ಮನೆಯಲ್ಲಿ ಆಸರೆ ಇರುವವರು ಮಾತ್ರ ಈ ಮೂರು ವರ್ಷ ದಾಟಬಲ್ಲರು. ಯುವ ಸ್ಥಾಪಕರಲ್ಲಿ ಅನುಕೂಲಸ್ಥರ ಮಕ್ಕಳೇ ಹೆಚ್ಚು ಕಾಣುವುದಕ್ಕೆ ಇದೂ ಒಂದು ಕಾರಣ.

ದಾನಿಗಳು ಸಂಬಳ ಎಂದ ಕೂಡಲೇ ಹಿಂದೆ ಸರಿಯುತ್ತಾರೆ. ‘ನಮ್ಮ ದುಡ್ಡೆಲ್ಲ ಮಕ್ಕಳಿಗೇ ಹೋಗಬೇಕು’ ಎಂಬ ಮಾತು ಒಳ್ಳೆಯ ಮನಸ್ಸಿನದೇ. ಆದರೆ ಪುಸ್ತಕ ಕೊಟ್ಟು, ಪುಸ್ತಕ ಓದಿಸುವವರಿಗೆ ಕೊಡದಿದ್ದರೆ ಪುಸ್ತಕ ಬೀರುವಿನಲ್ಲೇ ಇರುತ್ತದೆ. ಸಿಎಸ್‌ಆರ್ ವಿಷಯದಲ್ಲಿ ಒಂದು ತಪ್ಪು ಓದು ಕೂಡ ಓಡಾಡುತ್ತಿದೆ. ನಿಯಮದಲ್ಲಿರುವ ಶೇ 5ರ ಆಡಳಿತ ವೆಚ್ಚದ ಮಿತಿ ಕಂಪನಿಯ ಸ್ವಂತ ಸಿಎಸ್‌ಆರ್ ವಿಭಾಗದ ಸಾಮಾನ್ಯ ಖರ್ಚಿಗೆ ಸಂಬಂಧಿಸಿದ್ದು. ಯೋಜನೆಯನ್ನು ರೂಪಿಸಿ, ನಡೆಸಿ, ಮೇಲ್ವಿಚಾರಣೆ ಮಾಡುವ ನೇರ ವೆಚ್ಚ ಅದರಲ್ಲಿ ಸೇರುವುದಿಲ್ಲ. ‘ನಿಮ್ಮ ಸಿಬ್ಬಂದಿಗೆ ಶೇ 5ಕ್ಕಿಂತ ಜಾಸ್ತಿ ಕೊಡಲಾಗದು, ಕಾನೂನು ಹಾಗಿದೆ’ ಎಂದು ಯಾರಾದರೂ ಹೇಳಿದರೆ ಒಪ್ಪಿಕೊಳ್ಳಬೇಕಾಗಿಲ್ಲ.

ಯಾರ ವಾದ ಏನು?

ನಿಯಮ ಬಿಗಿಯಾಗಿರಲಿ ಎನ್ನುವವರ ಮಾತಿನಲ್ಲಿ ಹುರುಳಿದೆ. ತೆರಿಗೆ ವಿನಾಯಿತಿ ಅಂದರೆ ಸರ್ಕಾರ ಬಿಟ್ಟುಕೊಟ್ಟ ಹಣ, ಅಂದರೆ ಎಲ್ಲರ ಹಣ. ಅದಕ್ಕೆ ಲೆಕ್ಕ ಕೇಳುವುದು ತಪ್ಪಲ್ಲ. ಮಕ್ಕಳ ಜೊತೆ ಕೆಲಸ ಮಾಡುವ ಸ್ವಯಂಸೇವಕರ ಹಿನ್ನೆಲೆ ಪರಿಶೀಲಿಸದೆ ಒಳಗೆ ಬಿಟ್ಟುಕೊಳ್ಳುವ ಸಂಸ್ಥೆಯನ್ನು ‘ಪಾಪ, ಹುಡುಗರು’ ಎಂದು ಬಿಡುವ ಹಾಗಿಲ್ಲ.

ಯುವ ಸ್ಥಾಪಕರು ಹೇಳುವುದು ಬೇರೆ. ಐವತ್ತು ಕೋಟಿಯ ಸಂಸ್ಥೆಗೂ ಐದು ಲಕ್ಷದ ಸಂಸ್ಥೆಗೂ ಹೆಚ್ಚುಕಡಿಮೆ ಒಂದೇ ರಾಶಿ ಕಾಗದ. ದೊಡ್ಡವರು ಅದಕ್ಕೊಬ್ಬ ಲೆಕ್ಕಿಗನನ್ನು ಇಟ್ಟುಕೊಳ್ಳುತ್ತಾರೆ, ಸಣ್ಣವರ ಅರ್ಧ ಶಕ್ತಿ ಅದರಲ್ಲೇ ಹೋಗುತ್ತದೆ.

ಮೂರನೆಯ ವಾದ ಈ ಕ್ಷೇತ್ರದಲ್ಲಿ ತಲೆ ನರೆತವರದು. ಎಲ್ಲರೂ ಹೊಸ ಸಂಸ್ಥೆಯನ್ನೇ ಯಾಕೆ ಕಟ್ಟಬೇಕು, ಇರುವುದಕ್ಕೆ ಸೇರಬಾರದೇ? ಒಂದೇ ಊರಲ್ಲಿ ಐದು ತಂಡ ಅದೇ ಶಾಲೆಗೆ ಬ್ಯಾಗು ಹಂಚಿದರೆ ಯಾರಿಗೆ ಲಾಭ? ನನಗೆ ಈ ವಾದ ಬಹುಪಾಲು ಸರಿ ಅನ್ನಿಸುತ್ತದೆ. ಆದರೆ ಒಂದು ಮಾತು ಸೇರಿಸಲೇಬೇಕು. ಹಳೆಯ ಸಂಸ್ಥೆಗಳು ಇಪ್ಪತ್ತರ ವಯಸ್ಸಿನವರಿಗೆ ಕುರ್ಚಿ ಜೋಡಿಸುವ ಕೆಲಸ ಮಾತ್ರ ಕೊಟ್ಟು, ತೀರ್ಮಾನವನ್ನೆಲ್ಲ ತಾವೇ ಮಾಡಿದರೆ ಹುಡುಗರು ಹೊರಗೆ ಹೋಗಿ ತಮ್ಮದೇ ಬೋರ್ಡ್ ಹಾಕಿಕೊಳ್ಳುತ್ತಾರೆ. ಅದಕ್ಕೆ ಅವರನ್ನು ದೂರಿ ಏನು ಫಲ?

ನಾಲ್ಕನೆಯದು ಕಾರ್ಮಿಕರ ಕಡೆಯಿಂದ ಬರುವ ಎಚ್ಚರಿಕೆ. ‘ಸ್ವಯಂಸೇವೆ’ ಎಂಬ ಚಂದದ ಪದ ಕೆಲವೊಮ್ಮೆ ಸಂಬಳ ತಪ್ಪಿಸುವ ದಾರಿಯಾಗುತ್ತದೆ. ನಮ್ಮ ಕಣ್ಣೆದುರೇ ಇರುವ ಉದಾಹರಣೆ ಆಶಾ ಕಾರ್ಯಕರ್ತೆಯರು. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗಿನಿಂದ ಬಾಣಂತಿಯರ ಮನೆಗೆ, ಮಕ್ಕಳ ಲಸಿಕೆಗೆ, ಕೋವಿಡ್ ಸಮೀಕ್ಷೆಗೆ ಓಡಾಡಿದವರು ಇವರು. ಸರ್ಕಾರದ ಲೆಕ್ಕದಲ್ಲಿ ಮಾತ್ರ ನೌಕರರಲ್ಲ, ಗೌರವಧನ ಪಡೆಯುವ ಸ್ವಯಂಸೇವಕಿಯರು. ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ 2025ರ ಜನವರಿ ಚಳಿಯಲ್ಲಿ ಅವರು ಅಹೋರಾತ್ರಿ ಕೂತದ್ದು ಈ ಕಾರಣಕ್ಕೆ. ಯುವಕರ ಸಂಸ್ಥೆಗಳು ಸರ್ಕಾರಿ ಶಾಲೆಯಲ್ಲಿ ಇಲ್ಲದ ಶಿಕ್ಷಕರ ಜಾಗ ತುಂಬುತ್ತಾ ಹೋದರೆ ಆ ಹುದ್ದೆ ಖಾಲಿಯೇ ಉಳಿಯಬಹುದು ಎಂಬ ಭಯ ಸುಳ್ಳಲ್ಲ.

ಸ್ಥಾಪಕರ ಮುಖ ದೊಡ್ಡದಾದರೆ

ನಮ್ಮ ರಾಜ್ಯದ್ದೇ ಒಂದು ಕಥೆ ನೋಡೋಣ. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳ ಒಂದು ಗುಂಪು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿತು. ಮುಂದಾಳಾಗಿದ್ದ ಆರ್. ಬಾಲಸುಬ್ರಹ್ಮಣ್ಯಂ ಅವರಿಗೆ ಆಗ 19 ವರ್ಷ. ಓದು ಮುಗಿದ ಮೇಲೆ ಅವರು ಹೆಗ್ಗಡದೇವನಕೋಟೆಯ ಹಾಡಿಗಳಿಗೆ ಹೋದರು. ಅಲ್ಲಿ ಜೇನು ಕುರುಬರು, ಕಾಡು ಕುರುಬರು. ಹಲವರು ಅಣೆಕಟ್ಟು ಮತ್ತು ರಕ್ಷಿತಾರಣ್ಯದಿಂದಾಗಿ ನೆಲೆ ಕಳೆದುಕೊಂಡವರು. ಸಣ್ಣ ಚಿಕಿತ್ಸಾಲಯದಿಂದ ಶುರುವಾದದ್ದು ಕೆಂಚನಹಳ್ಳಿ ಮತ್ತು ಸರಗೂರಿನ ಆಸ್ಪತ್ರೆಗಳಾಗಿ, ಹೊಸಹಳ್ಳಿಯ ಗಿರಿಜನ ಮಕ್ಕಳ ಶಾಲೆಯಾಗಿ ಬೆಳೆಯಿತು. ಸ್ಥಾಪಕರು ಮುಂದೆ ಬೇರೆ ಜವಾಬ್ದಾರಿಗಳಿಗೆ ಹೋದರು. ಆಸ್ಪತ್ರೆಯ ಬಾಗಿಲು ತೆರೆದೇ ಇತ್ತು. ಕೆಲಸಕ್ಕೆ ಒಂದು ಊರಿತ್ತು, ದಿನವೂ ಬರುವ ರೋಗಿಗಳಿದ್ದರು, ಸಂಬಳದ ಸಿಬ್ಬಂದಿ ಇದ್ದರು. ಸ್ವಯಂಸೇವಕರು ಬಂದು ಸೇರಲು ಅಲ್ಲಿ ಒಂದು ಗಟ್ಟಿ ಚೌಕಟ್ಟಿತ್ತು.

ಕೆನಡಾದ ಕಥೆ ಬೇರೆ. 1995ರಲ್ಲಿ 12 ವರ್ಷದ ಕ್ರೇಗ್ ಕೀಲ್‌ಬರ್ಗರ್, ಪಾಕಿಸ್ತಾನದ ಬಾಲಕಾರ್ಮಿಕ ಇಕ್ಬಾಲ್ ಮಸೀಹನ ಕೊಲೆಯ ಸುದ್ದಿ ಓದಿ ಗೆಳೆಯರನ್ನು ಸೇರಿಸಿದ. ‘ಫ್ರೀ ದ ಚಿಲ್ಡ್ರನ್’ ಹುಟ್ಟಿತು. ಮುಂದೆ ‘ವಿ ಚಾರಿಟಿ’ ಎಂಬ ಹೆಸರಲ್ಲಿ ಸಾವಿರಾರು ಶಾಲೆಗಳನ್ನು ತಲುಪಿತು. ಒಂದು ತಲೆಮಾರಿನ ಮಕ್ಕಳಿಗೆ ಸೇವೆಯ ರುಚಿ ಹತ್ತಿಸಿದ್ದು ಸುಳ್ಳಲ್ಲ. 2020ರಲ್ಲಿ ಕೆನಡಾ ಸರ್ಕಾರ ಸ್ವಯಂಸೇವೆ ಮಾಡುವ ವಿದ್ಯಾರ್ಥಿಗಳಿಗೆ ಹಣ ಕೊಡುವ ಯೋಜನೆಯ ಹೊಣೆಯನ್ನು ಈ ಸಂಸ್ಥೆಗೆ ವಹಿಸಿತು. 100 ಗಂಟೆಗೆ 1,000 ಡಾಲರ್. ಗಂಟೆಗೆ 10 ಡಾಲರ್ ಅಂದರೆ ಅಲ್ಲಿನ ಕನಿಷ್ಠ ಕೂಲಿಗಿಂತ ಕಡಿಮೆ, ಇದು ಸೇವೆಯೋ ಅಗ್ಗದ ಕೂಲಿಯೋ ಎಂಬ ಪ್ರಶ್ನೆ ಎದ್ದಿತು. ಘೋಷಣೆಯಾಗಿ ಹತ್ತು ದಿನ ತುಂಬುವ ಮೊದಲೇ ಸಂಸ್ಥೆ ಯೋಜನೆಯಿಂದ ಹಿಂದೆ ಸರಿಯಿತು. ಆಗಿನ ಪ್ರಧಾನಿಯ ತಾಯಿ ಮತ್ತು ತಮ್ಮನಿಗೆ ಸಂಸ್ಥೆ ಭಾಷಣಗಳಿಗೆ ಹಣ ಕೊಟ್ಟಿದ್ದು ಆಮೇಲೆ ಹೊರಬಂತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸಂಸ್ಥೆ ಕೆನಡಾದ ಕೆಲಸ ನಿಲ್ಲಿಸುವುದಾಗಿ ಹೇಳಿತು. ಕ್ರೇಗ್ ಮತ್ತು ಅವನ ಅಣ್ಣ ಮಾರ್ಕ್, ಈ ಇಬ್ಬರು ಸೋದರರ ಹೆಸರಿಗೆ ಅಷ್ಟೊಂದು ಅಂಟಿಕೊಂಡಿದ್ದ ಸಂಸ್ಥೆಗೆ ಆ ಹೆಸರು ಅಲುಗಾಡಿದಾಗ ನಿಲ್ಲಲು ಬೇರೆ ಕಾಲು ಸಿಗಲಿಲ್ಲ.

ಇವೆರಡರ ನಡುವೆ ರಾಬಿನ್ ಹುಡ್ ಆರ್ಮಿಯ ದಾರಿ ಇದೆ. 2014ರಲ್ಲಿ ದೆಹಲಿಯಲ್ಲಿ ಶುರುವಾದ ಈ ಗುಂಪು ಹಣವನ್ನೇ ಮುಟ್ಟುವುದಿಲ್ಲ. ಉಳಿದ ಊಟ ಸಂಗ್ರಹಿಸಿ ಹಸಿದವರಿಗೆ ಹಂಚುತ್ತದೆ. ಹಣ ಇಲ್ಲದಿದ್ದರೆ ದುಡ್ಡಿನ ಜಗಳವೂ ಇಲ್ಲ. ಕೆಲಸ ಎರಡು ಮೂರು ಗಂಟೆಯದು, ಯಾವ ಊರಲ್ಲಿ ಬೇಕಾದರೂ ಹಾಗೆಯೇ ಮಾಡಬಹುದು. ಅದಕ್ಕೇ ಹಬ್ಬಿತು. ಆದರೆ ಈ ಮಾದರಿ ಎಲ್ಲದಕ್ಕೂ ಹೊಂದುವುದಿಲ್ಲ. ಊಟ ಹಂಚುವುದನ್ನು ಈ ವಾರ ಒಬ್ಬರು, ಮುಂದಿನ ವಾರ ಇನ್ನೊಬ್ಬರು ಮಾಡಬಹುದು. ಏಳನೇ ಮಗ್ಗಿಯಲ್ಲಿ ನಿಂತ ಹುಡುಗಿಗೆ ಮುಂದಿನ ಮಂಗಳವಾರ ಅದೇ ಅಕ್ಕ ಬರಬೇಕು. ಬರದಿದ್ದರೆ ಹೊಸಬರು ಮತ್ತೆ ‘ನಿನ್ನ ಹೆಸರೇನು’ ಎಂಬಲ್ಲಿಂದ ಶುರು ಮಾಡುತ್ತಾರೆ. ವರ್ಷದಲ್ಲಿ ನಾಲ್ಕು ಸಲ ಹೀಗಾದರೆ ಆ ಮಗು ಹೆಸರು ಹೇಳುವುದನ್ನೂ ನಿಲ್ಲಿಸುತ್ತದೆ.

ಅಂಕಕ್ಕಾಗಿ ಬಂದವರು ಉಳಿಯುತ್ತಾರಾ?

ಈಗ ಕಾಲೇಜುಗಳೂ ಸೇವೆಗೆ ಲೆಕ್ಕ ಇಟ್ಟಿವೆ. 1969ರಲ್ಲಿ 37 ವಿಶ್ವವಿದ್ಯಾಲಯಗಳಲ್ಲಿ ಶುರುವಾದ ಎನ್‌ಎಸ್‌ಎಸ್‌ನಲ್ಲಿ ವರ್ಷಕ್ಕೆ 120 ಗಂಟೆ ಸೇವೆ ಇದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ನಿಯಮದಂತೆ 100 ಚಟುವಟಿಕೆ ಅಂಕ ಗಳಿಸಬೇಕು, ಡಿಪ್ಲೊಮಾ ಮುಗಿಸಿ ಎರಡನೇ ವರ್ಷಕ್ಕೆ ಸೇರಿದವರು 75. ಸುಮ್ನೆ ಸರ್ಟಿಫಿಕೇಟಿಗೆ ಬರುತ್ತಾರೆ ಎಂದು ಇದನ್ನು ಜರಿಯುವವರು ತುಂಬಾ ಜನ.

ಬರಲಿ ಬಿಡಿ. ಅಂಕಕ್ಕೆ ಬಂದವರು ಹಳ್ಳಿಯ ಒಂದು ಮನೆಯೊಳಗೆ ಕಾಲಿಟ್ಟಾಗ ಏನಾಗುತ್ತದೆ ಎಂಬುದು ಆ ದಿನ ಅವರಿಗೆ ಸಿಕ್ಕ ಕೆಲಸದ ಮೇಲೆ ನಿಂತಿದೆ. ಬ್ಯಾನರ್ ಹಿಡಿದು ನಿಂತು ಫೋಟೊ ತೆಗೆಸಿಕೊಂಡರೆ ಅಂಕದ ಜೊತೆ ಕಥೆ ಮುಗಿಯಿತು. ವಿಧವಾ ವೇತನ ನಿಂತುಹೋದ ಅಜ್ಜಿಯ ಅರ್ಜಿ ತುಂಬಿ, ನಾಡಕಚೇರಿಗೆ ಅವರ ಜೊತೆ ಎರಡು ಸಲ ಹೋಗಿ, ಮೂರನೇ ತಿಂಗಳು ಹಣ ಬಂತು ಎಂಬ ಫೋನ್ ಬಂದರೆ ಆ ಹುಡುಗ ಮತ್ತೆ ಹೋಗುವ ಸಾಧ್ಯತೆ ಇದೆ. ಹೊಸ ತಲೆಮಾರಿಗೆ ಸ್ಫೂರ್ತಿ ಬರುವುದು ಬಹುಮಟ್ಟಿಗೆ ಇಂಥ ಫೋನಿನಿಂದ. ಆದರೆ ಆ ಅಜ್ಜಿಯ ಮನೆಯನ್ನು ಮೊದಲೇ ಗುರುತಿಸಿ, ಆ ಹುಡುಗನಿಗೆ ಅರ್ಜಿ ತುಂಬಲು ಕಲಿಸಿ, ಮೂರು ತಿಂಗಳು ಬೆನ್ನು ಹತ್ತಿದವರು ಒಬ್ಬರು ಇರಬೇಕು. ಮತ್ತೆ ಆ ಸಂಬಳದ ಪ್ರಶ್ನೆಗೇ ಬಂದು ನಿಲ್ಲುತ್ತೇವೆ.

ಮುಂದೆ ಏನಾಗಬಹುದು

ನಿಯಮಗಳು ಹೀಗೇ ಇದ್ದರೆ ಒಂದಿಷ್ಟು ಯುವ ತಂಡಗಳು ನೋಂದಣಿಯ ಗೋಜಿಗೇ ಹೋಗದೆ ವಾಟ್ಸ್ಆ್ಯಪ್ ಗುಂಪುಗಳಾಗಿಯೇ ಉಳಿಯುತ್ತವೆ. ಅದರಲ್ಲೊಂದು ಅಪಾಯವಿದೆ. ಗುಂಪಿನ ಹಣ ಒಬ್ಬರ ಸ್ವಂತ ಖಾತೆಯಲ್ಲಿ ಓಡಾಡಿದರೆ, ನಾಳೆ ತೆರಿಗೆ ಇಲಾಖೆಗೆ ಉತ್ತರ ಹೇಳಬೇಕಾದವರೂ ಆ ಒಬ್ಬರೇ. ಇನ್ನು ಕೆಲವರು ಹಳೆಯ ಸಂಸ್ಥೆಯೊಂದರ ಆಸರೆಯಲ್ಲಿ ಕೆಲಸ ಮಾಡುತ್ತಾರೆ. ಅದರ ನೋಂದಣಿ, ಅದರ ಲೆಕ್ಕಿಗ, ಇವರ ಕೆಲಸ. ವಿದೇಶಿ ಹಣಕ್ಕೆ ಹಂಚಿಕೆಯ ನಿಷೇಧ ಇದೆ, ಆದರೆ ದೇಶದೊಳಗಿನ ಹಣಕ್ಕೆ ಈ ದಾರಿ ತೆರೆದಿದೆ. ಹಿರಿಯ ಸಂಸ್ಥೆಗಳು ಮನಸ್ಸು ಮಾಡಿದರೆ ಮೊದಲ ಮೂರು ವರ್ಷ ದಾಟಿಸಲು ಇದಕ್ಕಿಂತ ಒಳ್ಳೆಯ ಉಪಾಯ ಸದ್ಯಕ್ಕೆ ಕಾಣುತ್ತಿಲ್ಲ.

ಸೇವಾ ಸಂಸ್ಥೆಗಳು ಹಣ ಎತ್ತಲೆಂದೇ ಷೇರು ಪೇಟೆಯಲ್ಲಿರುವ ಸೋಷಿಯಲ್ ಸ್ಟಾಕ್ ಎಕ್ಸ್‌ಚೇಂಜ್ ಕೂಡ ಒಂದು ದಾರಿ ಎನ್ನುತ್ತಾರೆ. 2023ರ ಕೊನೆಯಲ್ಲಿ ಬೆಂಗಳೂರಿನ ಉನ್ನತಿ ಫೌಂಡೇಶನ್ ಅಲ್ಲಿ ಮೊದಲು ಹಣ ಎತ್ತಿತು. ಅಲ್ಲಿ ಹಾಕಿದ ದುಡ್ಡಿಗೆ ಬಡ್ಡಿಯೂ ಇಲ್ಲ, ಅಸಲೂ ವಾಪಸ್ ಬರುವುದಿಲ್ಲ. ಕೊಟ್ಟವರಿಗೆ ಕೆಲಸದ ವರದಿ ಸಿಗುತ್ತದೆ. ಆದರೆ ಎತ್ತುವ ಮೊತ್ತ ಕನಿಷ್ಠ 50 ಲಕ್ಷ ಇರಬೇಕೆಂಬ ನಿಯಮ ಇರುವುದರಿಂದ ಐದಾರು ಜನರ ತಂಡಕ್ಕೆ ಇದು ದೂರದ ಮಾತು.

ಹತ್ತಿರದ ಮಾತು ದಾನಿಗಳದ್ದು. ತಿಂಗಳಿಗೆ 500 ರೂಪಾಯಿಯಂತೆ ನಲವತ್ತು ಜನ ಕೊಟ್ಟರೆ 20 ಸಾವಿರ. ಸಣ್ಣ ಊರಿನಲ್ಲಿ ಒಬ್ಬ ಸಂಯೋಜಕಿಯ ಸಂಬಳ ಅಲ್ಲಿಂದ ಶುರುವಾಗಬಹುದು. ರಸೀದಿಯಲ್ಲಿ ‘ಪುಸ್ತಕಕ್ಕೆ’, ‘ಊಟಕ್ಕೆ’ ಎಂದು ಬರೆಸುವ ಬದಲು ‘ಸಂಬಳಕ್ಕೆ’ ಎಂದು ಬರೆಸಲು ಆ ನಲವತ್ತು ಜನ ಒಪ್ಪಬೇಕು. ಒಪ್ಪಿದರೆ ಭಾನುವಾರ ಬೆಳಿಗ್ಗೆ ಕೆರೆ ದಂಡೆಯಲ್ಲಿ ಅರವತ್ತು ಜೊತೆ ಗ್ಲೌಸ್ ಇರುತ್ತದೆ, ಎಂಟೂವರೆಗೆ ಕಸದ ಗಾಡಿ ಬಂದು ನಿಂತಿರುತ್ತದೆ.